ಮೇರಿಯ ಕೈಯನ್ನೂ ನೋಡಿ
ಹದಿನೈದನೆಯ ಶತಮಾನದ ಚಿತ್ರಕಾರ ರೋಗಿಯರ್ ವಾನ್ ಡರ್ ವೇಡನ್‌ನ 'ಶಿಲುಬೆಯಿಂದ ಇಳಿಸುವುದು', ಅಂದರೆ ಸತ್ತ ಯೇಸುವನ್ನು ಶಿಲುಬೆಯಿಂದ ಕೆಳಗಿಳಿಸುತ್ತಿರುವ ಚಿತ್ರದ ಬಗ್ಗೆ ನೀವು ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಆದರೆ ಒಂದು ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಹತ್ತು ಜನರನ್ನು ಅಷ್ಟು ಚಿಕ್ಕ ಜಾಗದಲ್ಲಿ ತುರುಕಿದ್ದು ಚಿತ್ರದ ಕೊರತೆ ಅಂದಿದ್ದೀರಿ. ನನಗೆ ಅದೇ ಅದರ ಶಕ್ತಿ ಅನ್ನಿಸುತ್ತದೆ. ಹಿಂದೆ ಆಕಾಶವಿಲ್ಲ, ಬೆಟ್ಟವಿಲ್ಲ, ಬರೀ ಚಿನ್ನದ ಬಣ್ಣದ ಗೋಡೆ. ದುಃಖಕ್ಕೆ ಹೊರಗೆ ಹೋಗಲು ದಾರಿಯೇ ಇಲ್ಲ, ಅಲ್ವಾ?

ಯೇಸುವಿನ ತಾಯಿ ಮೇರಿಯನ್ನು ಗಮನಿಸಿ. ಪ್ರಜ್ಞೆ ತಪ್ಪಿ ಬೀಳುತ್ತಿರುವ ಆಕೆಯ ದೇಹ ಮೇಲಿರುವ ಮಗನ ದೇಹದ ಹಾಗೆಯೇ ಬಾಗಿದೆ, ತೋಳುಗಳು ಕೂಡ ಹೆಚ್ಚುಕಡಿಮೆ ಹಾಗೇ ಜೋತುಬಿದ್ದಿವೆ, ಮಗ ಅನುಭವಿಸಿದ್ದನ್ನು ತಾಯಿಯೂ ಅನುಭವಿಸಿದಳು ಅಂತ ಚಿತ್ರಕಾರ ಒಂದು ಪದವೂ ಇಲ್ಲದೆ ಹೇಳಿಬಿಟ್ಟಿದ್ದಾನೆ. ಇಬ್ಬರ ಕೈಗಳೂ ಹತ್ತಿರ ಹತ್ತಿರ ಇವೆ. ಆದರೆ ತಾಗಿಲ್ಲ. ನನಗೆ ಗಂಟಲು ಕಟ್ಟುವುದು ಅಲ್ಲೇ.

ಕಣ್ಣೀರಿನ ಬಗ್ಗೆ ನೀವು ಒಂದೇ ಸಾಲು ಬರೆದಿದ್ದೀರಿ, ಇನ್ನೂ ಜಾಸ್ತಿ ಬೇಕಿತ್ತು. ಎಣ್ಣೆಬಣ್ಣ ನಿಧಾನವಾಗಿ ಒಣಗುತ್ತದೆ, ತೆಳುವಾಗಿ ಪದರದ ಮೇಲೆ ಪದರ ಹಚ್ಚಬಹುದು. ಅದಕ್ಕೇ ಕೆನ್ನೆಯ ಮೇಲಿನ ಹನಿ ಗಾಜಿನ ಹಾಗೆ ಹೊಳೆಯುತ್ತದೆ. ಇದು 1435ರ ಸುಮಾರಿಗೆ ಓಕ್ ಹಲಗೆಯ ಮೇಲೆ ಬರೆದ ಚಿತ್ರ ಅನ್ನೋದು ನೆನಪಿರಲಿ.

ಇನ್ನೊಂದು ವಿಷಯ. ಇದನ್ನು ಬರೆಸಿದ್ದು ಲೂವನ್ ಊರಿನ ಅಡ್ಡಬಿಲ್ಲುಗಾರರ (ಕ್ರಾಸ್‌ಬೋ ಹಿಡಿದು ಬಾಣ ಬಿಡುವವರ) ಸಂಘ, ಈಗಿನ ಬೆಲ್ಜಿಯಂನಲ್ಲಿದೆ ಆ ಊರು. ಮೇಲಿನ ಮೂಲೆಗಳಲ್ಲಿ ಪುಟ್ಟ ಪುಟ್ಟ ಅಡ್ಡಬಿಲ್ಲುಗಳಿವೆ, ಫೋಟೋ ದೊಡ್ಡದು ಮಾಡಿ ಹುಡುಕಿ. ಮ್ಯಾಡ್ರಿಡ್‌ನ ಪ್ರಾಡೋ ಮ್ಯೂಸಿಯಂಗೆ ಹೋಗುವವರು ದಯವಿಟ್ಟು ಇದರ ಮುಂದೆ ಅವಸರ ಮಾಡಬೇಡಿ. ಎರಡು ಮೀಟರಿಗಿಂತ ಎತ್ತರದ ಚಿತ್ರ, ಮನುಷ್ಯರೆಲ್ಲ ಹತ್ತಿರಹತ್ತಿರ ನಮ್ಮಷ್ಟೇ ದೊಡ್ಡವರು.