ಸತ್ಯಾಂಶ: ಎಪಿಎಲ್ ಕಾರ್ಡಿಗೆ ಆರೋಗ್ಯ ಯೋಜನೆಯಲ್ಲಿ ಪಾಲಿಲ್ಲವೇ?

ಬಾಗಲಕೋಟೆಯ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸಂದೇಶವೊಂದು ಸುತ್ತುತ್ತಿದೆ: ‘ಎಪಿಎಲ್ ಕಾರ್ಡ್ ಇದ್ದವರಿಗೆ ಸರ್ಕಾರದ ಆರೋಗ್ಯ ಯೋಜನೆಯಲ್ಲಿ ಒಂದು ಪೈಸೆಯೂ ಸಿಗುವುದಿಲ್ಲ. ಅಪಘಾತವಾದರೂ ಮೊದಲು ಸರ್ಕಾರಿ ಆಸ್ಪತ್ರೆಯ ಚೀಟಿ ತರಬೇಕು.’ ಎರಡೂ ಮಾತು ತಪ್ಪು.

2018ರಲ್ಲಿ ರೂಪುಗೊಂಡ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಸರ್ಕಾರ ನಿಗದಿಪಡಿಸಿದ ದರದ ಶೇ 30ರಷ್ಟು ನೆರವು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ ಸಿಗುತ್ತದೆ. ಉಳಿದದ್ದನ್ನು ಕುಟುಂಬವೇ ಭರಿಸಬೇಕು. ಆದರೂ ಡಯಾಲಿಸಿಸ್‌ಗೆ ಅಲೆಯುವ ಮನೆಗೆ ಈ ಶೇ 30 ಸಣ್ಣದಲ್ಲ.

ಇನ್ನು ಚೀಟಿಯ ವಿಷಯ. ಮುಂಚಿತವಾಗಿ ಯೋಜಿಸುವ ಶಸ್ತ್ರಚಿಕಿತ್ಸೆಯಂಥವಕ್ಕೆ ಸರ್ಕಾರಿ ಆಸ್ಪತ್ರೆಯ ಶಿಫಾರಸು ಬೇಕು, ಅಲ್ಲಿ ಆ ಸೌಲಭ್ಯ ಇಲ್ಲದಿದ್ದಾಗ ಅದನ್ನು ಬರೆದುಕೊಡುತ್ತಾರೆ. ಹೃದಯಾಘಾತ, ಗಂಭೀರ ಅಪಘಾತದಂಥ ಪಟ್ಟಿಮಾಡಿದ ತುರ್ತು ಸಂದರ್ಭಗಳಿಗೆ ಇದು ಅನ್ವಯಿಸುವುದಿಲ್ಲ; ಯೋಜನೆಯಲ್ಲಿ ನೋಂದಾಯಿತ ಖಾಸಗಿ ಆಸ್ಪತ್ರೆಗೆ ನೇರವಾಗಿ ಹೋಗಬಹುದು. ಸಂದೇಶವನ್ನು ನಂಬಿ ಚೀಟಿಗಾಗಿ ಓಡಾಡಿದರೆ ಕೈತಪ್ಪುವುದು ಜೀವ ಉಳಿಸುವ ಸಮಯ. ನನ್ನನ್ನು ಕಾಡುವುದು ಇದೇ.

ನಮ್ಮ ಭಾಗಕ್ಕೆ ಇದು ಸುಮ್ಮನೆ ಬಂದ ಕೊಡುಗೆಯಲ್ಲ. ಇದಕ್ಕೂ ಹಿಂದೆ ಬಿಪಿಎಲ್ ಕುಟುಂಬಗಳಿಗಾಗಿ ಇದ್ದ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಕಲಬುರಗಿ ವಿಭಾಗದಲ್ಲಿ, ಬಳಿಕ ಬೆಳಗಾವಿ ವಿಭಾಗದಲ್ಲಿ ಜಾರಿಯಾಯಿತು. ದಕ್ಷಿಣದ ಜಿಲ್ಲೆಗಳ ಸರದಿ ಆಮೇಲೆ ಬಂತು. ಹಿಂದುಳಿದ ಕಡೆಯಿಂದಲೇ ಆರಂಭಿಸಿದ ಆ ನಿರ್ಧಾರ ಸರಿಯಾದದ್ದು. ಆಸ್ಪತ್ರೆಗೆ ಹೋದಾಗ ಪಡಿತರ ಚೀಟಿ, ಆಧಾರ್ ಎರಡನ್ನೂ ಒಯ್ಯಿರಿ, ಯೋಜನೆಯ ಸೌಲಭ್ಯ ಪಡೆಯಲು ನೆರವಾಗುವ ಸಿಬ್ಬಂದಿಯಾದ ಆರೋಗ್ಯಮಿತ್ರರು ಎಲ್ಲಿದ್ದಾರೆ ಎಂದು ಕೇಳಿ.