ಡಬ್ಬಿಯ ತಳದ ಎಳ್ಳು

ಸಂಕ್ರಾಂತಿಯ ಮಾರನೆಯ ದಿನ ಎಳ್ಳುಬೆಲ್ಲದ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಮಂಡ್ಯದಿಂದ ಮೈಸೂರಿಗೆ ಬಂದೆ. ಕೈತೋರಿಸಿದಲ್ಲೆಲ್ಲ ನಿಲ್ಲುವ ಬಸ್ಸು. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ನನ್ನ ಬೆನ್ನುಮೂಳೆಯೇ ಜರಡಿಗೆ ಬಿದ್ದಂತಾಗಿತ್ತು. ಮನೆಗೆ ಬಂದು ಮುಚ್ಚಳ ತೆಗೆದರೆ ಮೇಲೆಲ್ಲ ಕೊಬ್ಬರಿ, ಬೆಲ್ಲದ ಚೂರು. ಅದರಡಿ ಕಡಲೆಬೀಜ, ಹುರಿಗಡಲೆ. ಎಳ್ಳು ನಾಪತ್ತೆ! ಹಾಗೇ ಹಂಚುತ್ತ ಹೋದೆ. ಕೊನೆಯ ಮನೆಗೆ ಉಳಿದದ್ದು ಬರೀ ಎಳ್ಳು. ಅದು ಮನೆ ಓನರ್ ಮನೆ ಎಂಬುದೇ ಸಂಕಟ.

ಭಾರದ್ದು ಕೆಳಗಿಳಿಯಬೇಕಲ್ಲವೇ? ಒಂದು ಬೆಲ್ಲದ ಚೂರು ಎಷ್ಟೋ ಎಳ್ಳುಕಾಳಿನ ತೂಕದ್ದು, ಆದರೂ ಅದೇ ಮೇಲೆ ಕೂತಿದೆ. ಕುಲುಕಿದಾಗಲೆಲ್ಲ ಚೂರುಗಳು ಒಂದಿಷ್ಟು ಎದ್ದು ಕೂರುತ್ತವೆ. ಆ ಗಳಿಗೆಯಲ್ಲಿ ಅಡಿಯಲ್ಲಾದ ಸಂದಿಗೆ ಎಳ್ಳು ನುಸುಳಿಬಿಡುತ್ತದೆ. ಎಳ್ಳಿನ ಸಂದಿಗೆ ಬೆಲ್ಲ ನುಸುಳಲಾರದು. ಸೀಟು ಹಿಡಿಯುವ ಹುಡುಗರ ಹಾಗೆ. ಅಜ್ಜಿ ಮೊರ ಒನೆದು ಅಕ್ಕಿ, ನುಚ್ಚು ಬೇರೆ ಮಾಡುತ್ತಿದ್ದುದರಲ್ಲೂ ಈ ಗುಟ್ಟಿನ ಪಾಲಿತ್ತು. ರಾಗಿ ಕೊಳ್ಳುವಾಗ ಸೇರನ್ನು ಕುಲುಕಿಸಿ ಇನ್ನೊಂದು ಹಿಡಿ ಸುರಿಸಿಕೊಳ್ಳುವ, ಕೊಡುವಾಗ ಮಾತ್ರ ಕುಲುಕದ ಜಾಣತನವೂ ಅವಳದೇ.

ಪಂಡಿತರೂ ಇದಕ್ಕೆ ತಲೆ ಕೆಡಿಸಿಕೊಂಡಿದ್ದಾರೆ. ಕಂಪಿಸುವ ತಟ್ಟೆಯ ಮೇಲೆ ಪುಡಿ ತಾನಾಗಿ ಗುಡ್ಡೆ ಕಟ್ಟುವುದನ್ನು ಮೈಕೆಲ್ ಫ್ಯಾರಡೆ 1831ರಲ್ಲೇ ಬರೆದಿಟ್ಟ. 1993ರಲ್ಲಿ ಶಿಕಾಗೋದ ವಿಜ್ಞಾನಿಗಳು ಗಾಜಿನ ಮಣಿ ತುಂಬಿದ ಕೊಳವೆಯನ್ನು ಕುಟ್ಟಿ ಕುಟ್ಟಿ ನೋಡಿದರು. ಕುದಿಯುವ ಅನ್ನದ ಹಾಗೆ ಮಣಿಗಳು ನಡುವೆ ಮೇಲೇರಿ, ಗೋಡೆಗುಂಟ ಸಣ್ಣ ಪದರವಾಗಿ ಕೆಳಗಿಳಿಯುತ್ತಿದ್ದವು. ದೊಡ್ಡ ಮಣಿ ನಡುವಿನ ಹರಿವಿನ ಜೊತೆ ಮೇಲೆ ಬರುತ್ತದೆ. ಇಳಿಯುವ ಪದರ ತೆಳುವಾದ್ದರಿಂದ ಅಲ್ಲಿಗೆ ಹಿಡಿಸದೆ ಮೇಲೇ ಉಳಿಯುತ್ತದೆ. ಬಾಯಿ ಅಗಲವಾಗುತ್ತ ಹೋಗುವ ಪಾತ್ರೆಯಲ್ಲಿ ಹರಿವೇ ತಿರುಗುಮುರುಗು: ಗೋಡೆಗುಂಟ ಏರಿ ನಡುವೆ ಇಳಿಯುತ್ತದೆ. ಹಾಗಾದರೆ ನೆಟ್ಟಗಿನ ಸ್ಟೀಲ್ ಡಬ್ಬಿಯ ಬದಲು ಆಲಿಕೆಯಂಥ ಪಾತ್ರೆ ಹಿಡಿದು ಬಸ್ಸು ಹತ್ತಬೇಕಿತ್ತೇ? ಕಂಡಕ್ಟರ್ ಏನೆಂದುಕೊಳ್ಳುತ್ತಿದ್ದನೋ.

ಈ ಶೋಧನೆಯನ್ನು ಅಮ್ಮನಿಗೆ ಫೋನಿನಲ್ಲಿ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡಳು, ಪಾಪ.

"ಬುಡದಿಂದ ಕೈಯಾಕಿ ತಿರುವಿ ಕೊಡ್ಬೇಕು ಕಣ. ಅದಾಗಲ್ಲ ಅಂತ್ಲೇ ಊರೋರೆಲ್ಲ ಇಲ್ಲೇ ಪೊಟ್ಣ ಕಟ್ಕೊಂಡೋಗೋದು. ಒಳಗೆ ಎಂಗಾರ ಕುಲುಕ್ಲಿ, ಒಂದು ಪೊಟ್ಣದ್ದು ಇನ್ನೊಂದಕ್ಕೆ ಹೋಯ್ತದಾ?"

ಓನರ್ ಮನೆಯವರು ಆ ಎಳ್ಳಿನಲ್ಲಿ ಚಿಗಳಿ ಮಾಡಿ, ನಮಗೂ ನಾಲ್ಕು ಕಳಿಸಿದ್ದರು.