ವೇಗವೊಂದನ್ನೇ ಅಳೆಯುವವರು ಶ್ಯಾಕಲ್‌ಟನ್ ಬಗ್ಗೆ ಓದಲಿ

ನಿನ್ನೆ ಅಕ್ಕನ ಮಗನ ಜೊತೆ ಹುಡುಗರ ಆಯ್ಕೆ ಶಿಬಿರವೊಂದಕ್ಕೆ ಹೋಗಿದ್ದೆ. ನೆಟ್ಸ್‌ನ ಹಿಂದೆ ವೇಗ ಅಳೆಯುವ ಯಂತ್ರ ಇಟ್ಟಿದ್ದರು. ತೆಳ್ಳಗಿನ ಹುಡುಗನೊಬ್ಬ ಒಂದು ಓವರ್ ಹಾಕಿದ. ಆರೂ ಎಸೆತ ಗುಡ್ ಲೆಂತ್‌ನಲ್ಲೇ (ಮುಂದೆ ಬರಬೇಕೋ ಹಿಂದೆ ಸರಿಯಬೇಕೋ ಎಂದು ಬ್ಯಾಟ್ಸ್‌ಮನ್ ಗೊಂದಲಕ್ಕೆ ಬೀಳುವ ಜಾಗ) ಬಿದ್ದವು, ಆಫ್ ಸ್ಟಂಪ್‌ನ ಆಸುಪಾಸಿನಲ್ಲೇ ಹೋದವು. ಬ್ಯಾಟ್ಸ್‌ಮನ್ ಎರಡು ಸಲ ಬೀಟ್ ಆದ. ತರಬೇತುದಾರರು ಪಿಚ್ ಕಡೆ ನೋಡಲೇ ಇಲ್ಲ, ಯಂತ್ರ ನೋಡಿದರು. "ಪೇಸ್ ಸಾಲದು, ಮುಂದಿನವರು ಬನ್ನಿ" ಎಂದರು. ಹುಡುಗ ಚೀಲ ಹೆಗಲಿಗೇರಿಸಿಕೊಂಡು ಹೊರಟ. ಅಲ್ಲಿಂದ ಶುರುವಾದ ಸಿಟ್ಟು ಇನ್ನೂ ಇಳಿದಿಲ್ಲ.

ಕೌಂಟಿ ಕ್ರಿಕೆಟ್ಟಿನ (ಇಂಗ್ಲೆಂಡ್‌ನ ಜಿಲ್ಲಾ ತಂಡಗಳ ನಡುವಿನ ಪಂದ್ಯಗಳ) ಮೇಲೆ ನನಗಿರುವ ಪ್ರೀತಿ ನಿಮಗೆ ಗೊತ್ತೇ ಇದೆ. ಅದಕ್ಕೇ ಇಂಗ್ಲೆಂಡ್‌ನ ಬೌಲರ್ ಡೆರೆಕ್ ಶ್ಯಾಕಲ್‌ಟನ್ ನೆನಪಾದರು. ಯಾರ್ಕ್‌ಷೈರ್‌ನ ಟಾಡ್‌ಮರ್ಡನ್‌ನಲ್ಲಿ 1924ರಲ್ಲಿ ಹುಟ್ಟಿ, 1948ರಿಂದ ಹ್ಯಾಂಪ್‌ಷೈರ್‌ಗೆ ಆಡಿದವರು. ಮೊದಲು ಅವರನ್ನು ಬ್ಯಾಟ್ಸ್‌ಮನ್ ಎಂದೇ ತಂಡಕ್ಕೆ ಸೇರಿಸಿಕೊಂಡಿದ್ದು. ಸೀಮ್ ಬೌಲಿಂಗ್ (ಚೆಂಡಿನ ಹೊಲಿಗೆಯ ಮೇಲೆ ಪುಟಿಸಿ ದಿಕ್ಕು ಬದಲಿಸುವುದು) ಮಾಡುವವರ ಕೊರತೆಯಾದಾಗ ಚೆಂಡು ಅವರ ಕೈಗೆ ಬಂತು. ಚಿಕ್ಕ ರನ್ ಅಪ್, ಪಕ್ಕಕ್ಕೆ ತಿರುಗಿದ ಮೈ, ಎತ್ತರದಿಂದ ಬರುವ ತೋಳು, ಮಧ್ಯಮ ವೇಗ, ಅಷ್ಟೇ. ಆದರೆ ಚೆಂಡನ್ನು ಎರಡೂ ಕಡೆಗೆ ಹೊರಳಿಸುತ್ತಿದ್ದರು, ಬೇಕೆಂದ ಜಾಗದಲ್ಲೇ ಬೀಳಿಸುತ್ತಿದ್ದರು, ಬೆಳಗಿನಿಂದ ಸಂಜೆಯವರೆಗೂ.

ಫಲ ಏನು? 1949ರಿಂದ 1968ರವರೆಗೆ ಸತತ 20 ಋತುಗಳಲ್ಲಿ, ಒಂದನ್ನೂ ತಪ್ಪಿಸದೆ, ನೂರಕ್ಕೂ ಹೆಚ್ಚು ವಿಕೆಟ್. ಸತತವಾಗಿ ಅಷ್ಟು ವರ್ಷ ಇದನ್ನು ಮಾಡಿದವರು ಇನ್ನೊಬ್ಬರಿಲ್ಲ. ಪ್ರಥಮ ದರ್ಜೆಯಲ್ಲಿ ಒಟ್ಟು 2,857 ವಿಕೆಟ್, ವಿಕೆಟ್‌ಗೆ ಸರಾಸರಿ 18.65 ರನ್. 1955ರಲ್ಲಿ ವೆಸ್ಟನ್‌ನಲ್ಲಿ ಸಾಮರ್‌ಸೆಟ್ ವಿರುದ್ಧ ಕೇವಲ 4 ರನ್‌ಗೆ 8 ವಿಕೆಟ್. 1961ರಲ್ಲಿ ಹ್ಯಾಂಪ್‌ಷೈರ್ ಮೊದಲ ಸಲ ಕೌಂಟಿ ಚಾಂಪಿಯನ್ ಆದಾಗ ತಂಡದ ಭಾರ ಹೊತ್ತದ್ದು ಇದೇ ತೋಳು. ಇಂಥವರು ನಿನ್ನೆಯ ಶಿಬಿರಕ್ಕೆ ಬಂದಿದ್ದರೆ ಒಂದು ಓವರ್‌ಗೇ ಮನೆ ದಾರಿ ಹಿಡಿಯಬೇಕಾಗಿತ್ತು!

ಯಂತ್ರಕ್ಕೆ ವೇಗ ತಿಳಿಯುತ್ತದೆ, ನಿಜ. ನಲವತ್ತನೇ ಓವರ್‌ನಲ್ಲಿ, ಬೆನ್ನು ನೋಯುತ್ತಿರುವಾಗ, ಮೊದಲ ಓವರ್‌ನ ಲೆಂತ್‌ನಲ್ಲೇ ಚೆಂಡು ಬೀಳಿಸಬಲ್ಲ ಹುಡುಗ ಯಾರು ಎಂದು ಅದು ಹೇಳುತ್ತದೆಯೇ? ನನ್ನ ಅಣ್ಣ ಮ್ಯಾಟಿಂಗ್ ವಿಕೆಟ್ (ಚಾಪೆ ಹಾಸಿದ ಪಿಚ್) ಮೇಲೆ ಲೀಗ್ ಪಂದ್ಯಗಳನ್ನಾಡುತ್ತಿದ್ದ ಮಧ್ಯಮ ವೇಗಿ. ಊಟದ ವಿರಾಮದ ನಂತರ ಬಿಸಿಲಲ್ಲಿ ಉಳಿದವರು ಚೆಂಡು ಬೇಡವೆಂದಾಗ ನಾಯಕ ಅವನನ್ನೇ ಕರೆಯುತ್ತಿದ್ದ. ಆಯ್ಕೆಯ ದಿನ ಮಾತ್ರ ಅವನ ಹೆಸರು ಯಾರ ಬಾಯಲ್ಲೂ ಇರುತ್ತಿರಲಿಲ್ಲ. ಇದನ್ನು ಈವರೆಗೆ ಇಲ್ಲಿ ಬರೆದಿರಲಿಲ್ಲ. ಈ ವಿಷಯ ಬಂದಾಗಲೆಲ್ಲ ನನ್ನ ದನಿ ಏಕೆ ಏರುತ್ತದೆಂದು ಕೇಳುತ್ತಿದ್ದವರಿಗೆ ಉತ್ತರ ಸಿಕ್ಕಿತು.

ನಮ್ಮ ಅನಿಲ್ ಕುಂಬ್ಳೆಯವರ ಬಗ್ಗೆಯೂ ಇದೇ ಮಾತು ಬಂದಿತ್ತಲ್ಲವೇ, ಚೆಂಡು ತಿರುಗಿಸುವುದಿಲ್ಲ ಎಂದು? 1995ರಲ್ಲಿ ನಾರ್ಥಾಂಪ್ಟನ್‌ಷೈರ್‌ಗೆ ಆಡಿ ಒಂದೇ ಋತುವಿನಲ್ಲಿ 105 ವಿಕೆಟ್ ಕಿತ್ತರು. ಎಷ್ಟು ತಿರುಗಿತು ಎಂದು ಅಳೆದವರು ಎಲ್ಲಿದ್ದಾರೋ ಗೊತ್ತಿಲ್ಲ, ಆ 105 ಮಾತ್ರ ದಾಖಲೆಯಲ್ಲಿದೆ.

ಆಗಿನ ಇಂಗ್ಲೆಂಡ್‌ನಲ್ಲಿ ಪಿಚ್‌ಗೆ ಹೊದಿಕೆ ಇರುತ್ತಿರಲಿಲ್ಲ, ಮಳೆ ಬಿದ್ದು ಪಿಚ್ ಒದ್ದೆಯಾದರೆ ಯಾರು ಬೇಕಾದರೂ ವಿಕೆಟ್ ತೆಗೆಯುತ್ತಿದ್ದರು ಎಂದು ಕೆಲವರು ಹೇಳುತ್ತಾರೆ. ಅದೇ ಪಿಚ್‌ಗಳು ಆ ಕಾಲದ ಎಲ್ಲ ಬೌಲರ್‌ಗಳಿಗೂ ಇದ್ದವು. ಇಪ್ಪತ್ತು ವರ್ಷ ಬಿಡದೆ ನೂರು ದಾಟಿದವರು ಒಬ್ಬರೇ. ಮಳೆ ಶ್ಯಾಕಲ್‌ಟನ್ ಒಬ್ಬರಿಗೇ ಸುರಿಯಲಿಲ್ಲ.

ಇನ್ನೊಂದು ವಾದ ಟೆಸ್ಟ್‌ನದು. ಏಳು ಟೆಸ್ಟ್, 18 ವಿಕೆಟ್, ದುಬಾರಿ ಸರಾಸರಿ. ಮೇಲಿನ ಮಟ್ಟದಲ್ಲಿ ಸಾಗಲಿಲ್ಲ ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಆ ಏಳನ್ನು ಬಿಡಿಸಿ ನೋಡಿ. 1950 ಮತ್ತು 1951ರಲ್ಲಿ ವೆಸ್ಟ್ ಇಂಡೀಸ್, ದಕ್ಷಿಣ ಆಫ್ರಿಕಾ, ದೆಹಲಿಯಲ್ಲಿ ಭಾರತ, ಹೀಗೆ ತಂಡಕ್ಕೊಂದರಂತೆ ಮೂರು ಪಂದ್ಯ ಕೊಟ್ಟರು. ಆಮೇಲೆ ಹನ್ನೊಂದು ವರ್ಷಕ್ಕೂ ಹೆಚ್ಚು ಕಾಲ ಕರೆಯಲಿಲ್ಲ. ಬೌಲರ್‌ನ ಬದುಕಿನ ಒಳ್ಳೆಯ ವರ್ಷಗಳೆಲ್ಲ ಅಲ್ಲೇ ಕಳೆದುಹೋದವು. ಕೊನೆಗೆ 1963ರಲ್ಲಿ, 38ನೇ ವಯಸ್ಸಿನಲ್ಲಿ, ಫ್ರಾಂಕ್ ವೊರೆಲ್‌ರ ಬಲಿಷ್ಠ ವೆಸ್ಟ್ ಇಂಡೀಸ್ ಎದುರು ಲಾರ್ಡ್ಸ್‌ಗೆ ಕರೆದರು. ಮೊದಲ ಇನಿಂಗ್ಸ್‌ನಲ್ಲಿ ನಾಲ್ಕು ಎಸೆತಗಳಲ್ಲಿ ಮೂರು ವಿಕೆಟ್, ಎರಡನೆಯದರಲ್ಲಿ 72 ರನ್‌ಗೆ 4 ವಿಕೆಟ್. ಆ ಪಂದ್ಯದ ಕೊನೆಯ ಓವರ್‌ನಲ್ಲಿ ಶ್ಯಾಕಲ್‌ಟನ್ ರನೌಟ್ ಆದದ್ದನ್ನೂ, ಕೈಗೆ ಪ್ಲಾಸ್ಟರ್ ಹಾಕಿಕೊಂಡು ಇಂಗ್ಲೆಂಡ್‌ನ ಬ್ಯಾಟ್ಸ್‌ಮನ್ ಕೌಡ್ರಿ ಕ್ರೀಸಿಗೆ ಇಳಿದದ್ದನ್ನೂ ಎಲ್ಲರೂ ವರ್ಣಿಸುತ್ತಾರೆ. ಆ ಏಳು ವಿಕೆಟ್‌ಗಳನ್ನು ಯಾರೂ ನೆನೆಯುವುದಿಲ್ಲ. ಆ ಸರಣಿಯ ನಾಲ್ಕು ಟೆಸ್ಟ್‌ಗಳಲ್ಲಿ ಸೋಬರ್ಸ್, ಕನ್ಹಾಯ್, ಬುಚರ್ ಇದ್ದ ತಂಡದ ವಿರುದ್ಧ 15 ವಿಕೆಟ್ ಪಡೆದವರನ್ನು ಮೇಲಿನ ಮಟ್ಟಕ್ಕೆ ಸಲ್ಲದವರು ಎನ್ನುವವರು ಕಾಮೆಂಟ್‌ನಲ್ಲಿ ಬರಲಿ, ಇಡೀ ರಾತ್ರಿ ವಾದಿಸಲು ಸಿದ್ಧನಿದ್ದೇನೆ.